ಸಂಜೆಯ ಕರೆಂಟಿಗೆ ಬೇರೆ ದರವೇ? ರಾಯಚೂರಿನ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯ ಸಂಪಾದಕರೇ,
ಬೆಂಗಳೂರಿನಲ್ಲಿ ಹೊಸ ಮನೆ ಕಟ್ಟಿಸಿದ ನನ್ನ ತಮ್ಮನಿಗೆ ಸ್ಮಾರ್ಟ್ ಮೀಟರ್ ಹಾಕಿದ್ದಾರೆ. ಅದಕ್ಕೆ ಹತ್ತಿರ ಹತ್ತಿರ ಐದು ಸಾವಿರ ಕಟ್ಟಿದನಂತೆ. ಮುಂದೆ ಹಗಲಿಗೊಂದು ದರ, ಸಂಜೆಗೊಂದು ದರ ಆಗುತ್ತದೆ, ರಾಯಚೂರಿಗೂ ಬರುತ್ತದೆ ಎನ್ನುತ್ತಾನೆ. ಅಡುಗೆಯ ಹೊತ್ತು, ಮಕ್ಕಳು ಓದುವ ಹೊತ್ತು ಸಂಜೆಯೇ ತಾನೇ? ಆಗಲೇ ದರ ಏರಿಸಿದರೆ ನಾವು ಕತ್ತಲಲ್ಲಿ ಕೂಡಬೇಕೇ? ಶಕ್ತಿನಗರ, ಯರಮರಸ್‌ನ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳೆರಡೂ ನಮ್ಮ ಮಗ್ಗುಲಲ್ಲೇ ಇವೆ. ಬೂದಿಯೂ ನಮಗೆ, ದುಬಾರಿ ಬಿಲ್ಲೂ ನಮಗೇ ಏನು? ಗೃಹಜ್ಯೋತಿ ಹೋಗುತ್ತದೆಯೇ? ಈ ಮೀಟರ್ ಜೋರಾಗಿ ಓಡುತ್ತದೆ ಎನ್ನುವುದು ನಿಜವೇ?
— ಓದುಗರು, ರಾಯಚೂರು (ಹೆಸರು ಬೇಡ ಎಂದಿದ್ದಾರೆ)

ಸಹೋದರಿ,

ನಿಮ್ಮ ತಮ್ಮ ಹೇಳಿದ್ದು ಸುಳ್ಳಲ್ಲ, ಆದರೆ ಇವತ್ತೇ ಗಾಬರಿಯಾಗುವಂಥದ್ದೂ ಅಲ್ಲ. 2025-26ರ ದರಪಟ್ಟಿಯಲ್ಲಿ ಕರ್ನಾಟಕದ ಮನೆಗಳಿಗೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಲ್ಲಕ್ಕೂ ಒಂದೇ ದರ: ಯೂನಿಟ್‌ಗೆ 5 ರೂ. 80 ಪೈಸೆ, ಅದರ ಮೇಲೆ ಪಿಂಚಣಿ ಬಾಬತ್ತಿನ 36 ಪೈಸೆ. ಹೊತ್ತು ನೋಡಿ ದರ ಹಾಕುವ ಪದ್ಧತಿಗೆ ಮಾತ್ರ 2003ರ ವಿದ್ಯುತ್ ಕಾಯ್ದೆಯಲ್ಲೇ ಅವಕಾಶವಿದೆ. ದೊಡ್ಡ ಕಾರ್ಖಾನೆಗಳಿಗೆ ಅದು ಹಳೆಯ ಸಂಗತಿ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದು, ಕೃಷಿ ಬಿಟ್ಟು ಉಳಿದೆಲ್ಲರಿಗೂ 2025ರ ಏಪ್ರಿಲ್ 1ರೊಳಗೆ ಇದು ಬರಬೇಕು, ಯಾವ ಹೊತ್ತಿಗೆ ಎಷ್ಟು ಬಳಸಿದಿರಿ ಎಂದು ದಾಖಲಿಸುವ ಸ್ಮಾರ್ಟ್ ಮೀಟರ್ ಕೂಡಿಸಿದ ಕೂಡಲೇ ಜಾರಿಯಾಗಬೇಕು ಎಂದಿತು. ಬಿಸಿಲಿನ ಎಂಟು ತಾಸು ದರ ಕನಿಷ್ಠ ಶೇ 20ರಷ್ಟು ಕಡಿಮೆ ಇರಬೇಕು, ಹೆಚ್ಚು ಬೇಡಿಕೆಯ ಹೊತ್ತಿನಲ್ಲಿ ಮನೆಗಳಿಗೆ ಕನಿಷ್ಠ ಶೇ 10ರಷ್ಟು ಹೆಚ್ಚಿರಬೇಕು ಎಂಬುದು ಅದರ ಲೆಕ್ಕ. ಯಾವ ತಾಸು, ಎಷ್ಟು ಪೈಸೆ ಎಂದು ಗೊತ್ತುಮಾಡುವುದು ಮಾತ್ರ ನಮ್ಮ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ.

ಸಂಜೆಯ ಮೇಲೇ ಯಾಕೆ ಕಣ್ಣು ಎಂದರೆ, ಕಾರಣ ನಿಮ್ಮೂರಿನಲ್ಲೇ ಇದೆ. ಶಕ್ತಿನಗರದ ಸ್ಥಾವರದ ಸಾಮರ್ಥ್ಯ 1,720 ಮೆಗಾವ್ಯಾಟ್, ಯರಮರಸ್‌ನದು 1,600. ಮಧ್ಯಾಹ್ನ ಪಾವಗಡದ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಮತ್ತು ಅಂಥವು ಪೂರ್ತಿ ದುಡಿಯುವಾಗ ಕಲ್ಲಿದ್ದಲಿನ ಘಟಕಗಳ ಉತ್ಪಾದನೆ ತಗ್ಗಿಸುತ್ತಾರೆ. ಸಂಜೆ ಐದರ ನಂತರ ಬಿಸಿಲು ಇಳಿಯುತ್ತದೆ, ಆರಕ್ಕೆ ಊರೂರಿನ ಸ್ವಿಚ್ ಬೀಳುತ್ತವೆ, ಆಗ ಅದೇ ಘಟಕಗಳನ್ನು ಅವಸರದಲ್ಲಿ ಏರಿಸಬೇಕು. ಸಾಲದಿದ್ದರೆ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಕೊಳ್ಳಬೇಕು. ಹಗಲು ಎರಡು ಮೂರು ರೂಪಾಯಿಗೆ ಸಿಗುವ ಯೂನಿಟ್ ಅಲ್ಲಿ ಸಂಜೆ ಎಷ್ಟೋ ಸಲ 10 ರೂಪಾಯಿಯ ಗರಿಷ್ಠ ಮಿತಿ ಮುಟ್ಟುತ್ತದೆ. ಆ ಹೊರೆ ಈಗಲೂ ನಮ್ಮೆಲ್ಲರ ಬಿಲ್ಲಿನೊಳಗೇ ಇದೆ, ಇಡೀ ದಿನಕ್ಕೆ ಹಂಚಿಹೋಗಿರುವುದರಿಂದ ಕಾಣುವುದಿಲ್ಲ.

ಇನ್ನು ನಿಮ್ಮ ಕತ್ತಲೆಯ ಪ್ರಶ್ನೆ. 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು, 75 ವ್ಯಾಟಿನ ಒಂದು ಫ್ಯಾನು, ಸಂಜೆ ಆರರಿಂದ ಹತ್ತರವರೆಗೆ ಉರಿದು ತಿರುಗಿದರೆ ಮೂರನೇ ಒಂದು ಯೂನಿಟ್. ದರ ಶೇ 10ರಷ್ಟು ಏರಿತು ಎಂದುಕೊಂಡರೂ ದಿನಕ್ಕೆ 20 ಪೈಸೆ, ತಿಂಗಳಿಗೆ ಆರು ರೂಪಾಯಿ. ಮಕ್ಕಳ ಓದಿಗೆ ದಯವಿಟ್ಟು ಲೈಟ್ ಆರಿಸಬೇಡಿ. ಬಿಲ್ಲು ಏರಿಸುವುದು ಬಲ್ಬಲ್ಲ, ಬಿಸಿ ಮಾಡುವ, ತಂಪು ಮಾಡುವ, ನೀರೆತ್ತುವ ಸಾಮಾನುಗಳು. 2 ಕಿಲೋವ್ಯಾಟಿನ ಗೀಸರ್ ಅರ್ಧ ತಾಸಿಗೆ ಒಂದು ಯೂನಿಟ್ ತಿನ್ನುತ್ತದೆ.

ಅದಕ್ಕಿಂತ ಮುಖ್ಯವಾದದ್ದು ನಮ್ಮ ಬೇಸಿಗೆ. ಏಪ್ರಿಲ್, ಮೇನಲ್ಲಿ ರಾಯಚೂರಿನ ಮನೆಗಳಲ್ಲಿ ಕೂಲರ್ ಶುರುವಾಗುವುದು ಸಂಜೆಗಲ್ಲ, ಹತ್ತೂವರೆಗೆ. ಅಂದರೆ ನಮ್ಮ ದೊಡ್ಡ ಬಳಕೆ ಬೀಳುವುದು ಸೋಲಾರ್ ಕರೆಂಟು ಧಾರಾಳವಾಗಿರುವ ಹೊತ್ತಿಗೇ. ಮೇ ತಿಂಗಳಲ್ಲಿ 240 ಯೂನಿಟ್ ಸುಡುವ ಒಂದು ಮನೆ ತಗೊಳ್ಳೋಣ. ಹಗಲು ಒಂಬತ್ತರಿಂದ ಐದರವರೆಗೆ 100, ಸಂಜೆಯ ನಾಲ್ಕು ತಾಸಿನಲ್ಲಿ 60, ಉಳಿದ ಹೊತ್ತಿನಲ್ಲಿ 80 ಎಂದಿಟ್ಟುಕೊಳ್ಳಿ. 2025-26ರ ಒಂದೇ ದರದಲ್ಲಿ ಬಳಕೆಯ ಹಣ 1,392 ರೂ. ಕೇಂದ್ರದ ನಿಯಮದ ಕನಿಷ್ಠ ಲೆಕ್ಕ ಹಿಡಿದರೆ 1,310 ರೂ. 80 ಪೈಸೆ. ಎಂಬತ್ತು ರೂಪಾಯಿ ಉಳಿಯಿತು. ಅದೇ ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋಗಿ ಹಗಲೆಲ್ಲ ಬೀಗ ಹಾಕಿರುವ ಮನೆಯಲ್ಲಿ ಹಗಲು 30, ಸಂಜೆ 110, ಉಳಿದ ಹೊತ್ತು 100 ಎಂದಾದರೆ 1,421 ರೂ., ಅಂದರೆ 29 ರೂಪಾಯಿ ಹೆಚ್ಚು. ಹೊತ್ತಿನ ದರದಲ್ಲಿ ಸೋಲುವವರು ಈ ಮನೆಯವರು. ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವ ಕೂಲಿಕಾರರು, ಅಂಗಡಿಯಲ್ಲಿ ಕೆಲಸಕ್ಕಿರುವ ಹೆಣ್ಣುಮಕ್ಕಳು ಇದರಲ್ಲಿ ಬರುತ್ತಾರೆ. ಅವರಿಗೆ ಹಗಲಿಗೆ ತಳ್ಳುವಂಥ ಕೆಲಸವೇ ಇಲ್ಲ. ನೀರಿನ ಮೋಟರ್ ಮಾತೂ ಅಷ್ಟೇ. ನಲ್ಲಿ ನೀರು ಬಿಡುವ ಹೊತ್ತು ನಮ್ಮ ಕೈಯಲ್ಲಿಲ್ಲ. ಸಂಪು ಇದ್ದವರು ಮರುದಿನ ಮಧ್ಯಾಹ್ನ ಟ್ಯಾಂಕಿಗೆ ಏರಿಸಬಹುದು, ಇಲ್ಲದವರು ನೀರು ಬಂದಾಗಲೇ ಸ್ವಿಚ್ ಒತ್ತಬೇಕು. ಸಂಜೆ ಏಳಕ್ಕೆ ನೀರು ಬಿಟ್ಟು, ಏಳರ ಕರೆಂಟಿಗೆ ಹೆಚ್ಚು ಹಣ ಕೇಳುವುದು ನ್ಯಾಯವಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಹಗಲಿನ ರಿಯಾಯಿತಿ ಮೊದಲು ಬರಲಿ, ಸಂಜೆಯ ಹೆಚ್ಚುವರಿ ದರ ಮನೆಗಳಿಗೆ ಬೇಡ. ಇದು ಆಗದ ಮಾತೇನಲ್ಲ. ಮಹಾರಾಷ್ಟ್ರದಲ್ಲಿ ಸ್ಮಾರ್ಟ್ ಮೀಟರ್ ಇರುವ ಮನೆಗಳಿಗೆ 2025ರ ಜುಲೈನಿಂದ ಹಗಲಿನ ಬಳಕೆಗೆ ಯೂನಿಟ್‌ಗೆ 80 ಪೈಸೆ ಬಿಡುವ ಆದೇಶವಾಗಿದೆ. ಕೇರಳದವರು ತಿಂಗಳಿಗೆ 250 ಯೂನಿಟ್ ದಾಟುವ ಮನೆಗಳಿಗಷ್ಟೇ ಹೊತ್ತಿನ ದರ ಹಾಕಿ, ಸಣ್ಣ ಮನೆಗಳನ್ನು ಹೊರಗಿಟ್ಟಿದ್ದಾರೆ.

ಬೂದಿಯ ಮಾತಿಗೆ ಬರುತ್ತೇನೆ. ದರ ಗೊತ್ತುಮಾಡುವಾಗ ಆಯೋಗ ಚಿಮಣಿ ಯಾವ ಜಿಲ್ಲೆಯಲ್ಲಿದೆ ಎಂದು ನೋಡುವುದಿಲ್ಲ. ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆ ಕೊಡವಿ ತರುವವರಿಗೆ ಇದು ಸಮಾಧಾನದ ಉತ್ತರವಲ್ಲ ಎಂದು ಬಲ್ಲೆ. ರಾಜ್ಯಕ್ಕೆ 1985ರಿಂದ ಬೆಳಕು ಕೊಡುತ್ತಿರುವ ಊರು ರಿಯಾಯಿತಿಯ ಸಾಲಿನಲ್ಲಿ ಮುಂದೆ ನಿಲ್ಲುವುದು ತಪ್ಪಲ್ಲ. ನೀವು ಇದನ್ನು ಸಂಕೋಚವಿಲ್ಲದೆ ಕೇಳಬೇಕು.

ಗೃಹಜ್ಯೋತಿಗೂ ಮೀಟರಿಗೂ ನೇರ ಸಂಬಂಧವಿಲ್ಲ. ಮೀಟರ್ ಬದಲಾದ ಮಾತ್ರಕ್ಕೆ ಯೋಜನೆ ನಿಲ್ಲುವುದಿಲ್ಲ. ನಿಮ್ಮ ಅರ್ಹತೆಯ ಯೂನಿಟ್‌ನೊಳಗೆ ಇದ್ದರೆ ಬಿಲ್ಲು ಸೊನ್ನೆ, ಅದು ದಾಟಿ 200ರೊಳಗಿದ್ದರೆ ಹೆಚ್ಚಾದಷ್ಟಕ್ಕೆ ಹಣ, 200 ದಾಟಿದರೆ ಪೂರ್ತಿ ಬಿಲ್ಲು. ಆದರೆ ಹೊತ್ತಿನ ದರ ಬಂದ ದಿನ ಒಂದು ತೊಡಕು ಹುಟ್ಟುತ್ತದೆ. ಅರ್ಹತೆಗಿಂತ 15 ಯೂನಿಟ್ ಹೆಚ್ಚಾಯಿತು ಎನ್ನಿ, ಆ ಹದಿನೈದು ಹಗಲಿನವೋ ಸಂಜೆಯವೋ? ಯಾವ ದರದಲ್ಲಿ ವಸೂಲಿ? ಆದೇಶ ಹೊರಡಿಸುವ ಮೊದಲೇ ಇದಕ್ಕೆ ಬರಹದಲ್ಲಿ ಉತ್ತರ ಬೇಕು.

ಮೀಟರ್ ಜೋರಾಗಿ ಓಡುತ್ತದೆ ಎಂಬ ಅನುಮಾನವನ್ನು ಪಕ್ಕದ ಮನೆಯವರ ಮಾತಿಗೆ ಬಿಡದೆ ಪರೀಕ್ಷೆ ಮಾಡಿಸಿ. 2024ರ ಫೆಬ್ರುವರಿಯ ತಿದ್ದುಪಡಿಯಂತೆ, ರೀಡಿಂಗ್ ಸರಿಯಿಲ್ಲ ಎಂದು ದೂರು ಕೊಟ್ಟ ಐದು ದಿನದೊಳಗೆ ಕಂಪನಿ ಇನ್ನೊಂದು ಮೀಟರ್ ಕೂಡಿಸಿ, ಕನಿಷ್ಠ ಮೂರು ತಿಂಗಳು ಎರಡನ್ನೂ ತಾಳೆ ನೋಡಬೇಕು. ದೂರು ಲಿಖಿತವಾಗಿರಲಿ, ಸ್ವೀಕೃತಿ ಇಸಿದುಕೊಳ್ಳಿ.

ನೀವು ಕೇಳದಿದ್ದ ಒಂದು ವಿಷಯ ಹೇಳಲೇಬೇಕು, ಏಕೆಂದರೆ ಪೆಟ್ಟು ಬೀಳುವುದು ಅಲ್ಲಿಂದ. ಒಮ್ಮೆಗೇ ಎಷ್ಟು ಲೋಡ್ ಎಳೆದಿರಿ ಎಂಬುದು ಸ್ಮಾರ್ಟ್ ಮೀಟರಿನಲ್ಲಿ ದಾಖಲಾಗಿ ಕಚೇರಿಗೆ ತಲುಪುತ್ತದೆ. ಮಂಜೂರಾದ ಲೋಡ್ 1 ಕಿಲೋವ್ಯಾಟ್ ಇಟ್ಟುಕೊಂಡು ಎಸಿ, ಗೀಸರ್ ಹಾಕಿಕೊಂಡ ಮನೆಗಳು ನಮ್ಮಲ್ಲಿ ಬಹಳ. 2025-26ರಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟಿಗೆ ತಿಂಗಳಿಗೆ 145 ರೂ. ಒಂದು ಕಿಲೋವ್ಯಾಟ್ ಏರಿದರೂ, ಮೇಲಿನ ಲೆಕ್ಕದಲ್ಲಿ ಉಳಿದ ಎಂಬತ್ತು ರೂಪಾಯಿ ಅಲ್ಲೇ ಹೋಯಿತು. ಇಲ್ಲಿ ನಿಯಮ ಗ್ರಾಹಕರ ಪರ ಇದೆ: ಒಂದು ಹಣಕಾಸು ವರ್ಷದಲ್ಲಿ ಕನಿಷ್ಠ ಮೂರು ಸಲ ಮಿತಿ ದಾಟದೆ ಲೋಡ್ ಏರಿಸುವಂತಿಲ್ಲ, ಮೀಟರ್ ಕೂಡಿಸುವ ಮೊದಲಿನ ಅವಧಿಗೆ ದಂಡ ಹಾಕುವಂತಿಲ್ಲ. ಗೀಸರ್, ಇಸ್ತ್ರಿ, ಮೋಟರ್ ಮೂರನ್ನೂ ಒಟ್ಟಿಗೆ ಹಚ್ಚಬೇಡಿ.

ನಿಮ್ಮ ತಮ್ಮ ಕಟ್ಟಿದ ಹಣ ಸರಿಯಾಗಿಯೇ ಇದೆ. ಬೆಸ್ಕಾಂ 2025ರ ಫೆಬ್ರುವರಿಯಿಂದ ಹೊಸ ಸಂಪರ್ಕಗಳಿಗೆ ಕಡ್ಡಾಯ ಮಾಡಿದಾಗ ಸಿಂಗಲ್ ಫೇಸ್ ಮೀಟರಿಗೆ ಗೊತ್ತುಮಾಡಿದ ಬೆಲೆ 4,998 ರೂ. ವಿದ್ಯುತ್ ವಿತರಣೆ ಸುಧಾರಿಸುವ ಕೇಂದ್ರದ ಆರ್‌ಡಿಎಸ್‌ಎಸ್ ಯೋಜನೆ ಸೇರಿದ ರಾಜ್ಯಗಳಲ್ಲಿ ಈ ಹಣವನ್ನು ಮನೆಯವರಿಂದ ಮುಂಗಡ ತೆಗೆದುಕೊಳ್ಳುವುದಿಲ್ಲ. ಒಂದೂವರೆ ಕೋಣೆಯ ಮನೆ ಕಟ್ಟಿ ಸಾಲದಲ್ಲಿರುವವರಿಗೆ ಐದು ಸಾವಿರ ಸಣ್ಣದಲ್ಲ. ಕಂತಿನಲ್ಲಿ ಕಟ್ಟುವ ಅವಕಾಶವಾದರೂ ಬೇಕು.

ಪ್ರತಿ ಸಲ ದರ ಪರಿಷ್ಕರಣೆಗೆ ಅರ್ಜಿ ಬಿದ್ದಾಗ ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡುತ್ತದೆ, ಆಯೋಗ ಆಕ್ಷೇಪಣೆ ಕರೆದು ಬಹಿರಂಗ ವಿಚಾರಣೆ ನಡೆಸುತ್ತದೆ. ವಿಚಾರಣೆಗೆ ಹೋಗಲಾಗದವರು ಬರೆದು ಕಳಿಸಬಹುದು. ಒಂದು ಹಾಳೆ ಸಾಕು: ನಿಮ್ಮ ಆರ್‌ಆರ್ ನಂಬರ್, ಬೇಸಿಗೆಯ ಎರಡು ಮೂರು ಬಿಲ್ಲುಗಳ ಯೂನಿಟ್, ನಿಮ್ಮ ಓಣಿಗೆ ನೀರು ಬಿಡುವ ಹೊತ್ತು, ಹಗಲಿನ ರಿಯಾಯಿತಿ ಬೇಕು ಸಂಜೆಯ ಏರಿಕೆ ಬೇಡ ಎಂಬ ಬೇಡಿಕೆ, ಗೃಹಜ್ಯೋತಿಯ ಹೆಚ್ಚುವರಿ ಯೂನಿಟ್ ಕುರಿತ ಪ್ರಶ್ನೆ. ಪ್ರಕಟಣೆಯಲ್ಲಿ ಕೊಟ್ಟ ಕೊನೆಯ ದಿನಾಂಕದೊಳಗೆ ಅದು ತಲುಪಬೇಕು. ಅದರ ಒಂದು ಪ್ರತಿ ನಮಗೂ ಕಳಿಸಿ, ನಿಮ್ಮ ಹೆಸರು ಬಿಟ್ಟು ಪ್ರಕಟಿಸುತ್ತೇವೆ.

— ಸಂಪಾದಕ