ಹಳೆಯ ಕಂಪ್ಯೂಟರ್‌ನಲ್ಲಿ ಫ್ಲೈಟ್ ಸಿಮ್ಯುಲೇಟರ್ ಸರಾಗವಾಗಿ ಓಡಲು ಮೊದಲು ಏನನ್ನು ಬದಲಿಸಬೇಕು?

ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್ ಮತ್ತು ಜಿಟಿಎಕ್ಸ್ 770 ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರವು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ಕ್ಕೆ ಸೂಚಿಸಲಾದ ಕನಿಷ್ಠ ಮಟ್ಟದ್ದು. ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುನ್ನ ಅಡಚಣೆ ಎಲ್ಲಿದೆಯೆಂದು ದಯವಿಟ್ಟು ಪರೀಕ್ಷಿಸಿ. ಸಿಮ್ಯುಲೇಟರ್‌ನ ಡೆವಲಪರ್ ಮೋಡ್‌ನಲ್ಲಿ ಫ್ರೇಮ್ ದರ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳ ಸಂಖ್ಯೆ) ತೋರಿಸುವ ಫಲಕವು ‘ಮೇನ್ ಥ್ರೆಡ್’ ಮಿತಿಯನ್ನು ಸೂಚಿಸಿದರೆ, ಹಾರಾಟದ ಲೆಕ್ಕಾಚಾರ, ಕಾಕ್‌ಪಿಟ್ ಉಪಕರಣಗಳು, ಇತರ ವಿಮಾನಗಳ ಸಂಚಾರ ಇವುಗಳ ಹೊರೆ ಬಹುಪಾಲು ಪ್ರೊಸೆಸರ್‌ನ ಒಂದೇ ಕೋರ್ (ಲೆಕ್ಕ ಮಾಡುವ ಘಟಕ) ಮೇಲೆ ಬಿದ್ದಿದೆ ಎಂದರ್ಥ; ಆಗ ಎಷ್ಟು ದುಬಾರಿಯ ಕಾರ್ಡ್ ಹಾಕಿದರೂ ಹೆಚ್ಚಿನ ಪ್ರಯೋಜನವಾಗದು. ವಿಮಾನ ಸಂಚಾರವನ್ನೂ ದೂರದ ಭೂದೃಶ್ಯದ ವಿವರವನ್ನೂ ತಗ್ಗಿಸಿ ನೋಡಿ, ಇದಕ್ಕೆ ಖರ್ಚಿಲ್ಲ. ಪ್ರೊಸೆಸರನ್ನೇ ಬದಲಿಸುವುದಾದರೆ ಮದರ್‌ಬೋರ್ಡ್ ಮತ್ತು ಹಳೆಯ ಡಿಡಿಆರ್3 ಮಾದರಿಯ ರ‍್ಯಾಮ್ ಸಹ ಸಾಮಾನ್ಯವಾಗಿ ಬದಲಾಗಬೇಕಾಗುತ್ತದೆ, ಆದ್ದರಿಂದ ಆ ಮೊತ್ತವನ್ನು ಮೊದಲೇ ಲೆಕ್ಕಹಾಕುವುದು ಅತ್ಯಗತ್ಯ. ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಸಂಗ್ರಹ ಸಾಧನ) ಲೋಡ್ ಆಗುವ ಸಮಯವನ್ನು ಚೆನ್ನಾಗಿ ಇಳಿಸುತ್ತದೆ; ಫ್ರೇಮ್ ದರವನ್ನು ಅಷ್ಟಾಗಿ ಏರಿಸುವುದಿಲ್ಲ.