ಕೇಸ್ ಹಾಕಿಸಬೇಡಿ, ಆಸ್ಪತ್ರೆಗೆ ತಲುಪಿಸಲು ಸಹಾಯ ಕೇಳಿ

ನಿಮ್ಮ ತಮ್ಮ ಮಾತ್ರೆ ಬಿಟ್ಟಿದ್ದಾನೆ, ನಾಲ್ಕು ರಾತ್ರಿಯಿಂದ ನಿದ್ದೆ ಇಲ್ಲ, ಅಮ್ಮನ ಮೇಲೆ ಕೈ ಎತ್ತಿದ್ದಾನೆ. ಸಣ್ಣದೊಂದು ಕೇಸ್ ಹಾಕಿಸಿದರೆ ಕೋರ್ಟೇ ಚಿಕಿತ್ಸೆಗೆ ಕಳಿಸುತ್ತದೆಯಾ, ಅಮೆರಿಕದಲ್ಲಿ ಹಾಗೆ ಮಾಡುತ್ತಾರಂತಲ್ಲ ಅಂತ ಕೇಳಿದ್ದೀರಿ. ನೀವು ಮಂಜೇಶ್ವರ, ನಾನು ಬದಿಯಡ್ಕ ಕಡೆಯವಳು, ಇಬ್ಬರದೂ ಕೇರಳದ ಕಾಸರಗೋಡು ಜಿಲ್ಲೆ. ಓದುವಾಗ ಕೈ ನಡುಗಿತು. ಯಾಕೆಂದರೆ ನಾನು ಅದನ್ನು ಮಾಡಿಯೇ ಬಿಟ್ಟವಳು.

2019ರ ಏಪ್ರಿಲ್. ನನ್ನ ತಮ್ಮನಿಗೆ ಆಗ 27 ವರ್ಷ. ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಸಿಯುವ ಕಾಯಿಲೆ ಅಂತ ಗೊತ್ತಾಗಿ ಏಳು ವರ್ಷ ಆಗಿತ್ತು. ಮಂಗಳೂರಿನ ಡಾಕ್ಟರು, ದಿನಾ ಲಿಥಿಯಂ ಮಾತ್ರೆ, ಆಗಾಗ ರಕ್ತ ಪರೀಕ್ಷೆ. ಚೆನ್ನಾಗಿಯೇ ಇದ್ದ. ದುಬಾಯಿಯಲ್ಲಿ ಕೆಲಸ ಸಿಗುವ ಹಾಗೆ ಆಯಿತು. ಅಲ್ಲಿಗೆ ಮಾತ್ರೆ ಡಬ್ಬ ಹಿಡಿದುಕೊಂಡು ಹೋಗುವುದು ಹೇಗೆ ಅಂತ ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟ. ಲಿಥಿಯಂ ಒಮ್ಮೆಲೇ ಬಿಟ್ಟರೆ ಕಾಯಿಲೆ ವಾಪಸ್ ಬರುವ ಸಾಧ್ಯತೆ ಜಾಸ್ತಿ. ಡಾಕ್ಟರು ಇದನ್ನು ನಮಗೆ ಹಲವು ಸಲ ಹೇಳಿದ್ದರು.

ಮೂರು ವಾರದಲ್ಲಿ ಮನೆ ಬೇರೆಯೇ ಆಯಿತು. ನಡುರಾತ್ರಿ ಎರಡು ಗಂಟೆಗೆ ತೋಟದ ಪಂಪು ಹಾಕುತ್ತಿದ್ದ. ಅಡಿಕೆ ಎಲ್ಲ ಕಡಿದು ಬೇರೇನೋ ನೆಡುತ್ತೇನೆ ಅಂತ ಇಪ್ಪತ್ತು ಸಸಿ ಕಿತ್ತು ಹಾಕಿದ. ಮಾತು ನಿಲ್ಲುತ್ತಲೇ ಇರಲಿಲ್ಲ. ಗಂಟಲು ಬಿದ್ದು ಹೋದರೂ ಪಿಸುದನಿಯಲ್ಲಿ ಮಾತಾಡುತ್ತಿದ್ದ. ಐದನೇ ದಿನ ಪಕ್ಕದ ಮನೆಯವರ ಬೈಕು ದೂಡಿ ಹಾಕಿದ, ತಡೆಯಲು ಬಂದ ಅಮ್ಮನನ್ನು ಅಂಗಳಕ್ಕೆ ನೂಕಿದ. ಊರಿನ ಹಿರಿಯರೊಬ್ಬರು, 'ಎರಡು ದಿನ ಒಳಗೆ ಕೂತರೆ ಬುದ್ಧಿ ಬರುತ್ತದೆ, ಹೋಗಿ ಕಂಪ್ಲೇಂಟ್ ಕೊಡು' ಅಂದರು. ನಾನು ಸ್ಕೂಟರ್ ಹತ್ತಿದೆ.

ಪೊಲೀಸ್ ಠಾಣೆಗೆ ಹೋದದ್ದು ತಪ್ಪಲ್ಲ. ಅದನ್ನು ಈಗಲೂ ಹೇಳುತ್ತೇನೆ. ತಪ್ಪು ಅಲ್ಲಿ ನಾನು ಆಡಿದ ಮಾತು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಬೇಸರ ಮಾಡಬೇಡಿ.

ಆಗ ನನ್ನ ತಂಗಿಗೆ ಪುತ್ತೂರು ಕಡೆಯ ಮನೆಯೊಂದರ ಜೊತೆ ಮಾತುಕತೆ ನಡೆಯುತ್ತಿತ್ತು. ಮನೆಯಲ್ಲಿ ಮಾನಸಿಕ ಕಾಯಿಲೆ ಇದೆ ಅಂತ ಗೊತ್ತಾದರೆ ಸಂಬಂಧ ಮುರಿಯುತ್ತದೆ ಅಂತ ನಮಗೆಲ್ಲ ಹೆದರಿಕೆ. ಅವರು ಹೆಣ್ಣು ನೋಡಲು ಬರುವ ದಿನ ತಮ್ಮನ ಚಿಕಿತ್ಸೆಯ ಫೈಲನ್ನು ಅಮ್ಮ ಅಕ್ಕಿ ಡಬ್ಬದ ಒಳಗೆ ಇಟ್ಟಿದ್ದರು. ಅದು ಅಲ್ಲೇ ಇತ್ತು. ಠಾಣೆಯಲ್ಲಿ, 'ಏನು ಸಮಸ್ಯೆ?' ಅಂತ ಕೇಳಿದಾಗ ನನ್ನ ಬಾಯಿಯಿಂದ ಬಂದದ್ದು, 'ಕುಡಿದು ಗಲಾಟೆ ಮಾಡ್ತಾನೆ.' ಅವನು ಜೀವಮಾನದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಕುಡುಕ ಅಂದರೆ ಊರು ಎರಡು ದಿನ ಮಾತಾಡಿ ಮರೆಯುತ್ತದೆ, ಹುಚ್ಚ ಅಂದರೆ ಮರೆಯುವುದಿಲ್ಲ ಅಂತ ನನ್ನ ತಲೆಯಲ್ಲಿ ಇತ್ತು. ಹೇಳಿಕೆಯನ್ನು ಮಲಯಾಳಂನಲ್ಲಿ ಬರೆದುಕೊಂಡರು. ನನಗೆ ಮಾತಾಡಲು ಬರುತ್ತದೆ, ಓದಲು ತಡವರಿಸುತ್ತೇನೆ. ಓದಿ ಹೇಳಿ ಅಂತಲೂ ಕೇಳಲಿಲ್ಲ. ಸಹಿ ಹಾಕಿದೆ.

ಜೀಪು ಬಂತು. ಕುಡುಕನನ್ನು ಹಿಡಿಯಲು ಬರುವ ಹಾಗೆಯೇ ಬಂದರು. ಅವರಿಗೆ ನಾನು ಹೇಳಿದ್ದೂ ಅಷ್ಟೇ ಅಲ್ವಾ? ತೋಳು ಹಿಡಿದು ಎಳೆದಾಗ ಇವನು ಬಲವಾಗಿ ದೂಡಿದ. ಒಬ್ಬ ಪೊಲೀಸರು ಮೆಟ್ಟಿಲಿಗೆ ಬಿದ್ದು ಕೈಗೆ ಪೆಟ್ಟಾಯಿತು. ಅಲ್ಲಿಗೆ ನನ್ನ ಸಣ್ಣ ಕಂಪ್ಲೇಂಟು ಮುಗಿಯಿತು, ಸರಕಾರದ ಕೇಸು ಶುರುವಾಯಿತು. ಆಗಿನ ಐಪಿಸಿ 353, ಕರ್ತವ್ಯದಲ್ಲಿದ್ದ ಸರಕಾರಿ ನೌಕರನ ಮೇಲೆ ಹಲ್ಲೆ. ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 132. ಜಾಮೀನು ಹಕ್ಕಿನಿಂದ ಸಿಗುವ ಕೇಸಲ್ಲ. ರಾಜಿ ಮಾಡಿಕೊಂಡು ಮುಗಿಸಲೂ ಬರುವುದಿಲ್ಲ. ನೀವು ಹೇಳುವ 'ಸಣ್ಣ ಕೇಸ್' ಎಷ್ಟು ಸಣ್ಣದಾಗಿ ಉಳಿಯುತ್ತದೆ ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ.

ಅಲ್ಲೂ ಸರಿಮಾಡಲು ನನಗೆ ಇನ್ನೆರಡು ಅವಕಾಶ ಸಿಕ್ಕಿತ್ತು. ಬಂಧಿಸಿದವರನ್ನು ಡಾಕ್ಟರ ಹತ್ತಿರ ಪರೀಕ್ಷೆಗೆ ಕರೆದುಕೊಂಡು ಹೋಗಲೇಬೇಕು. ಡ್ಯೂಟಿ ಡಾಕ್ಟರು ಹೊರಗೆ ನಿಂತಿದ್ದ ನನ್ನನ್ನು ಕರೆದು, 'ಮೊದಲು ಏನಾದರೂ ಕಾಯಿಲೆ, ಮಾತ್ರೆ?' ಅಂತ ಕೇಳಿದರು. 'ಇಲ್ಲ' ಅಂದೆ. ಮರುದಿನ ಕೋರ್ಟಿನ ವರಾಂಡದಲ್ಲಿ ವಕೀಲರೊಬ್ಬರು, 'ಹುಡುಗನ ಕಣ್ಣು ಸರಿ ಇಲ್ಲ, ಏನಾದರೂ ಹೇಳುವುದಿದೆಯಾ?' ಅಂದರು. 'ಇಲ್ಲ' ಅಂದೆ. ಮೂರು ಸಲ ಅದೇ ಸುಳ್ಳು. ರಿಮಾಂಡ್ ಆಯಿತು.

ಸಬ್ ಜೈಲಿನಲ್ಲಿ 19 ದಿನ. ಮಾತ್ರೆ ಇಲ್ಲ, ನಿದ್ದೆ ಇಲ್ಲ. ಆರನೇ ದಿನ ನೋಡಲು ಹೋದಾಗ ತುಟಿ ಒಡೆದಿತ್ತು, ಅಂಗಿ ಭುಜದಿಂದ ಜಾರುತ್ತಿತ್ತು. ಕುಡಿತ ನಿಂತದ್ದರಿಂದ ಹೀಗಾಗಿದೆ, ನಾಲ್ಕು ದಿನದಲ್ಲಿ ಇಳಿಯುತ್ತದೆ ಅಂತ ಅಲ್ಲಿ ಅಂದುಕೊಂಡಿದ್ದರು, ಅದಕ್ಕೇ ಔಷಧಿಯನ್ನೂ ಕೊಡುತ್ತಿದ್ದರು. ಅವರ ಕಾಗದದಲ್ಲಿ ಕುಡುಕ ಅಂತಲೇ ಇತ್ತು, ಬರೆಸಿದವಳು ನಾನು. ನನ್ನ ಒಂದು ಮಾತು ಠಾಣೆಯಿಂದ ಕೋರ್ಟಿಗೆ, ಕೋರ್ಟಿನಿಂದ ಜೈಲಿಗೆ ಹೋಗಿ ಅವನಿಗೆ ಬೇಡದ ಚಿಕಿತ್ಸೆಯಾಗಿ ನಿಂತಿತ್ತು.

ಆ ರಾತ್ರಿ ಅಮ್ಮ ಅಕ್ಕಿ ಡಬ್ಬದಿಂದ ಫೈಲು ತೆಗೆದು ನನ್ನ ಮುಂದಿಟ್ಟರು. 'ಮದುವೆ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ' ಅಂದರು. ಅಷ್ಟೇ ಅಂದದ್ದು.

ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಕ್ಕಿದರು, ಕನ್ನಡ ಬಲ್ಲವರು. ಬಂಧನದಲ್ಲಿ ಇರುವವರಿಗೆ, ಮಾನಸಿಕ ಕಾಯಿಲೆ ಇರುವವರಿಗೆ ಆದಾಯ ಎಷ್ಟೇ ಇರಲಿ ಈ ಸಹಾಯ ಉಚಿತ. ಫೋನ್ ನಂಬರ್ 15100. ಅವರು ಮೊದಲು ನೋಡಿದ್ದು ಆ ಡ್ಯೂಟಿ ಡಾಕ್ಟರ ಚೀಟಿ. ಅದರಲ್ಲಿ 'ಮದ್ಯದ ವಾಸನೆ ಇಲ್ಲ' ಅಂತ ಬರೆದಿತ್ತು! ನಾನು ಸುಳ್ಳು ಹೇಳಿದರೂ ಆ ಡಾಕ್ಟರು ಕಂಡದ್ದನ್ನು ಬರೆದಿದ್ದರು. ಅದನ್ನೂ ಏಳು ವರ್ಷದ ಫೈಲನ್ನೂ ಸೇರಿಸಿ ಅರ್ಜಿ ಹಾಕಿದರು. ಹಾಕಿ, ಕೇಳಿ, ಆದೇಶ ಬರುವಷ್ಟರಲ್ಲಿ ಮತ್ತೆ ಎರಡು ವಾರ ಹೋಯಿತು. ಮ್ಯಾಜಿಸ್ಟ್ರೇಟರು ಅವನನ್ನು ಕೋಝಿಕೋಡಿನ ಸರಕಾರಿ ಮಾನಸಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿದರು. ಅದು ಇರುವ ಜಾಗ ಕುದಿರವಟ್ಟಂ. ನಮ್ಮ ಕಡೆ ಆ ಹೆಸರನ್ನು ಬೈಗುಳ ಮಾಡಿಕೊಂಡಿದ್ದೇವೆ, ನಿಮಗೂ ಗೊತ್ತು. ಅಲ್ಲಿ ಹತ್ತು ದಿನದಲ್ಲಿ ಅವನು ಮೊದಲ ಸಲ ರಾತ್ರಿಯಿಡೀ ಮಲಗಿದ. ಆ ಹೆಸರು ಹೇಳಿ ಯಾರಾದರೂ ನಕ್ಕರೆ ನಾನು ಎದ್ದು ಹೋಗುತ್ತೇನೆ.

ಅವನಿಗೆ ಮಲಯಾಳಂ ಚೆನ್ನಾಗಿ ಬರುತ್ತದೆ. ಆದರೆ ಆ ಸ್ಥಿತಿಯಲ್ಲಿ ಬಾಯಿಗೆ ಬರುತ್ತಿದ್ದದ್ದು ಕನ್ನಡ ಮತ್ತು ತುಳು ಮಾತ್ರ. ಡಾಕ್ಟರಿಗೂ ಅವನಿಗೂ ನಡುವೆ ಕೂತು ಹೇಳಲು ಒಬ್ಬರು ಬೇಕು. ನಿಮ್ಮ ಮನೆಯಿಂದಲೂ ಯಾರಾದರೂ ಜೊತೆಗೆ ಇರಿ.

ಜಾಮೀನು ಸಿಕ್ಕಿತು, ಕೇಸ್ ಹೋಗಲಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದರು, ಮಂಗಳೂರಿನ ಡಾಕ್ಟರ ಹತ್ತಿರ ಹೋಗಲು ಆಗಲಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಮಾತ್ರೆ ಸಿಗುವ ಹಾಗೆ ಮಾಡಿದರು, ಇಲ್ಲದಿದ್ದರೆ ಇನ್ನೊಂದು ಸುತ್ತು ಕಾದಿತ್ತು. ವಿಚಾರಣೆ ಮುಂದೆ ಮುಂದೆ ಹೋಯಿತು. ಕೇಸ್ ನಡೆಯುತ್ತಿರುವವರಿಗೆ ಪಾಸ್‌ಪೋರ್ಟ್ ನಿರಾಕರಿಸಬಹುದು ಅಂತ ಕಾನೂನಿದೆ. ಅವನದು ಅವಧಿ ಮುಗಿದಿತ್ತು, ನವೀಕರಣ ಆಗಲಿಲ್ಲ. ದುಬಾಯಿಯ ಕೆಲಸ ಹೋಯಿತು. 2023ರಲ್ಲಿ ಕೇಸ್ ಮುಗಿಯುವಾಗ ಅವನಿಗೆ 31. ತಂಗಿಯ ಆ ಸಂಬಂಧವೂ ಮುರಿಯಿತು, ಅದು ಮುರಿದದ್ದು ಜೈಲಿನ ಸುದ್ದಿ ಕೇಳಿ. ಕಾಯಿಲೆಯ ಸುದ್ದಿ ಅವರಿಗೆ ಆಗ ಗೊತ್ತೇ ಇರಲಿಲ್ಲ.

ಈಗ ನಿಮ್ಮ ಅಮೆರಿಕದ ಮಾತಿಗೆ ಬರುತ್ತೇನೆ. ಅಲ್ಲಿ ಕಾಯಿಲೆಯವರನ್ನು ಚಿಕಿತ್ಸೆಗೆ ಕಳಿಸುವ ಕೋರ್ಟುಗಳು ಇರುವುದು ನಿಜ. ಫ್ಲೋರಿಡಾದ ಬ್ರೋವರ್ಡ್ ಕೌಂಟಿಯಲ್ಲಿ 1997ರಲ್ಲಿ ಶುರುವಾಯಿತು. ಆದರೆ ಅದಕ್ಕೂ ಮೊದಲು, 1988ರಲ್ಲಿ ಮೆಂಫಿಸ್‌ನಲ್ಲಿ ಪೊಲೀಸರಿಗೇ ತರಬೇತಿ ಕೊಡುವುದು ಶುರುವಾಗಿತ್ತು. ಹಿಂದಿನ ವರ್ಷ ಅಲ್ಲಿ ಕಾಯಿಲೆಯ ಒಬ್ಬ ಯುವಕ ಪೊಲೀಸರ ಗುಂಡಿಗೆ ಸತ್ತಿದ್ದ. ಕರೆ ಬಂದ ಜಾಗದಿಂದಲೇ ಆಸ್ಪತ್ರೆಗೆ ಒಯ್ಯಬೇಕು, ಜೈಲಿಗೆ ಅಲ್ಲ ಅನ್ನುವುದು ಅದರ ಉದ್ದೇಶ. ಅಂದರೆ ಜನರನ್ನು ಕೇಸಿನಿಂದ ಉಳಿಸಲು ಮಾಡಿದ ವ್ಯವಸ್ಥೆ ಅದು. ನೀವು ಚಿಕಿತ್ಸೆ ಸಿಗಲಿ ಅಂತ ಕೇಸಿನೊಳಗೆ ನೂಕಲು ಹೊರಟಿದ್ದೀರಿ. ಇಲ್ಲಿ ಕೋರ್ಟು ಚಿಕಿತ್ಸೆಗೆ ಕಳಿಸುವುದಿಲ್ಲ ಅಂತಲ್ಲ, ನನ್ನ ತಮ್ಮನನ್ನು ಕಳಿಸಿತು. ಅದಕ್ಕೆ ಮೊದಲು 19 ದಿನ ಹೋಯಿತು. ಬುದ್ಧಿ ಸ್ಥಿಮಿತ ಇರಲಿಲ್ಲ ಅಂತ ವಾದಿಸಿ ಗೆದ್ದರೂ ನೇರವಾಗಿ ಮನೆಗೆ ಬರುವುದಲ್ಲ, ಭದ್ರ ಕಾವಲಿನಲ್ಲಿ ಇಡಬಹುದು, ಇಲ್ಲವೇ ಜಾಮೀನು ಬರೆಸಿಕೊಂಡು ಮನೆಯವರಿಗೆ ಒಪ್ಪಿಸಬಹುದು. ವಕೀಲರು ಇದನ್ನು ಹೇಳುವ ತನಕ ನಮಗೆ ಗೊತ್ತೇ ಇರಲಿಲ್ಲ.

ನಿಮಗೆ ಬೇಕಾದ ಕಾನೂನು ನಮ್ಮಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 100ನೇ ಸೆಕ್ಷನ್. ಕಾಯಿಲೆಯಿಂದ ತನಗೋ ಬೇರೆಯವರಿಗೋ ಅಪಾಯ ಮಾಡುವ ಹಾಗೆ ಇರುವವರನ್ನು ಠಾಣೆಯ ಅಧಿಕಾರಿ ರಕ್ಷಣೆಗೆ ತೆಗೆದುಕೊಳ್ಳಬೇಕು. ಆದಷ್ಟು ಬೇಗ, 24 ಗಂಟೆ ಮೀರದ ಹಾಗೆ, ಹತ್ತಿರದ ಸರಕಾರಿ ಆಸ್ಪತ್ರೆಗೆ ತಲುಪಿಸಬೇಕು. ಹಾಗೆ ತೆಗೆದುಕೊಂಡವರನ್ನು ಯಾವ ಕಾರಣಕ್ಕೂ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವ ಹಾಗಿಲ್ಲ. ನಾನು ಠಾಣೆಗೆ ಹೋದ ದಿನ ಈ ಕಾನೂನು ಜಾರಿಗೆ ಬಂದು ಹತ್ತಿರ ಹತ್ತಿರ ಒಂದು ವರ್ಷ ಆಗಿತ್ತು. ಕಾಯಿಲೆ ಅನ್ನುವ ಒಂದು ಪದ ನಾನು ಹೇಳಿದ್ದರೆ ಅದು ನನ್ನ ತಮ್ಮನಿಗೂ ಸಿಗುತ್ತಿತ್ತು.

ಹಾಗಾಗಿ ಠಾಣೆಗೆ ಹೋಗಿ, ಆದರೆ ದೂರು ಕೊಡಬೇಡಿ. ಕಾಗದದಲ್ಲಿ ದೂರು ಅನ್ನುವ ಪದವೇ ಬೇಡ. 'ನನ್ನ ತಮ್ಮನಿಗೆ ಮಾನಸಿಕ ಕಾಯಿಲೆ ಇದೆ, ಚಿಕಿತ್ಸೆಯ ದಾಖಲೆ ಜೊತೆಗಿದೆ, ಮಾತ್ರೆ ನಿಲ್ಲಿಸಿದ್ದರಿಂದ ಈಗ ಹೀಗಾಗಿದೆ, 100ನೇ ಸೆಕ್ಷನ್ ಪ್ರಕಾರ ಆಸ್ಪತ್ರೆಗೆ ತಲುಪಿಸಲು ಸಹಾಯ ಬೇಕು.' ಇಷ್ಟೇ ಸಾಕು. ಕನ್ನಡದಲ್ಲೇ ಬರೆಯಿರಿ, ನಮ್ಮ ತಾಲೂಕುಗಳಲ್ಲಿ ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯುವ ಹಕ್ಕು ನಮಗಿದೆ. ಬಾಯಲ್ಲಿ ಹೇಳುವಾಗ ಮಲಯಾಳಂನಲ್ಲಿ ಹೇಳಿ: 'ಅನುಜನು ಮಾನಸಿಕ ರೋಗಮುಂಡ್, ಆಶುಪತ್ರಿಯಿಲ್ ಎತ್ತಿಕ್ಕಾನ್ ಸಹಾಯಿಕ್ಕಣಂ. ಕೇಸ್ ವೇಂಡ.' (ತಮ್ಮನಿಗೆ ಮಾನಸಿಕ ಕಾಯಿಲೆ ಇದೆ, ಆಸ್ಪತ್ರೆಗೆ ತಲುಪಿಸಲು ಸಹಾಯ ಮಾಡಬೇಕು. ಕೇಸ್ ಬೇಡ.) ಅವರು ಮಲಯಾಳಂನಲ್ಲಿ ಏನಾದರೂ ಬರೆದುಕೊಂಡರೆ ಓದಿಸಿ ಕೇಳದೆ ಸಹಿ ಹಾಕಬೇಡಿ. ಬರುವಾಗ ಹೆಚ್ಚು ಜನ ಬೇಡ, ತೋಳು ಹಿಡಿದು ಎಳೆಯಬೇಡಿ, ಅವನ ಹೆಸರು ಹಿಡಿದು ಮೆಲ್ಲ ಮಾತಾಡಿ ಅಂತ ಮೊದಲೇ ವಿನಂತಿಸಿಕೊಳ್ಳಿ. ನೀವೂ ಜೀಪಿನ ಜೊತೆಗೇ ಹೋಗಿ.

ಆಸ್ಪತ್ರೆಯಲ್ಲಿ, ಅವನು ಒಪ್ಪದಿದ್ದರೂ, ಡಾಕ್ಟರುಗಳಿಗೆ ಅಗತ್ಯ ಅಂತ ಕಂಡರೆ ಮನೆಯವರ ಅರ್ಜಿಯ ಮೇಲೆ 30 ದಿನದ ತನಕ ಇಟ್ಟು ಚಿಕಿತ್ಸೆ ಕೊಡಲು ಅದೇ ಕಾಯ್ದೆಯ 89ನೇ ಸೆಕ್ಷನ್ ಇದೆ. 'ಕೇಸ್ ಇಲ್ಲದೆ ಸೇರಿಸಿಕೊಳ್ಳುವುದಿಲ್ಲ' ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕಳೆದ ವರ್ಷ ನನ್ನ ತಮ್ಮನಿಗೆ ಮತ್ತೊಮ್ಮೆ ಬಂತು, ಮಾತ್ರೆ ತಪ್ಪಿಸದಿದ್ದರೂ. ಈ ಸಲ ನಾನು ಮೇಲೆ ಬರೆದ ಹಾಗೆಯೇ ಹೇಳಿದೆ. ಇಬ್ಬರೇ ಪೊಲೀಸರು ಬಂದರು. ಅಂಗಳದಲ್ಲಿ ಕೂತು ಅವನ ಅಡಿಕೆ ತೋಟದ ಯೋಜನೆಯನ್ನು ಮುಕ್ಕಾಲು ಗಂಟೆ ಕೇಳಿದರು. ಆಮೇಲೆ ಅವನೇ ನಡೆದುಕೊಂಡು ಹೋಗಿ ಆಂಬುಲೆನ್ಸ್ ಹತ್ತಿದ. ಮೂರು ವಾರದಲ್ಲಿ ಮನೆಗೆ ಬಂದ. ಎಫ್‌ಐಆರ್ ಇಲ್ಲ, ವಾಯಿದೆ ಇಲ್ಲ.

ಈ ರಾತ್ರಿ ದಾಟಿಸುವುದು ಹೇಗೆ ಅಂತಲೂ ಕೇಳಿದ್ದೀರಿ. 14416ಕ್ಕೆ ಕರೆ ಮಾಡಿ, ಅದು ಟೆಲಿ ಮನಸ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಯಾವ ಹೊತ್ತಿಗೂ ಸಿಗುತ್ತಾರೆ, ಕನ್ನಡ ಆರಿಸಿಕೊಳ್ಳಬಹುದು. ಅಮ್ಮನನ್ನು ಪಕ್ಕದ ಮನೆಯಲ್ಲಿ ಮಲಗಿಸಿ. ಕತ್ತಿ, ಕೊಡಲಿ, ಬೈಕಿನ ಕೀ ಎತ್ತಿಡಿ. ಅವನ ಜೊತೆ ವಾದ ಮಾಡಬೇಡಿ. ಕೈ ಮೀರಿದರೆ 112. ಆಗಲೂ ಮೊದಲು ಹೇಳಬೇಕಾದ ಪದ 'ಕಾಯಿಲೆ'. ಮತ್ತೆ ಅವನ ಹಳೆಯ ಚೀಟಿಗಳು ಎಲ್ಲಿವೆ ಅಂತ ಈಗಲೇ ಹುಡುಕಿ, ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ನಮ್ಮ ಫೈಲು ಈಗ ಚಾವಡಿಯಲ್ಲಿ ಟಿವಿ ಪಕ್ಕ ಇದೆ. ತಂಗಿಯನ್ನು ನೋಡಲು ಆಮೇಲೆ ಬಂದ ಇನ್ನೊಂದು ಮನೆಯವರು ಅದನ್ನು ನೋಡಿ, ಯಾರದ್ದು ಅಂತ ಕೇಳಿದರು. ಅಮ್ಮ ಹೇಳಿದರು.