ಅಗ್ಗದ ಅಂಗಡಿಯಿಂದ ಮನೆಗೆ ಏನು ಬರಬೇಕು?

ಪ್ರಶ್ನೆ: ಅಕ್ಕಾ, ನಮ್ಮ ಯಜಮಾನರು ದಿನಾ ರೈಲಿನಲ್ಲಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ. ಶನಿವಾರ ಬಟವಾಡೆ. ಇಷ್ಟು ದಿನ ನಮ್ಮ ಬೀದಿಯ ಅಂಗಡಿಯಲ್ಲಿ ಬರೆಸಿ ದಿನಸಿ ತರುತ್ತಿದ್ದೆ. ಈಗ ಕೋಲಾರದ ರಿಯಾಯಿತಿ ಅಂಗಡಿಗೆ ಹೋಗುತ್ತಿದ್ದೇವೆ. ಅಲ್ಲಿ ಎಲ್ಲವೂ ಎಂಆರ್‌ಪಿಗಿಂತ ಕಡಿಮೆ, ಆದರೂ ಖರ್ಚು ಇಳಿದಿಲ್ಲ. ಮೊನ್ನೆ ಆಸ್ಪತ್ರೆಯಲ್ಲಿ ನಾಲ್ಕು ವರ್ಷದ ಮಗಳಿಗೆ ರಕ್ತ ಕಡಿಮೆ ಇದೆ ಅಂದರು. ಆ ಅಂಗಡಿಗೆ ಹೋಗೋದು ಬಿಡಬೇಕಾ?
– ಓದುಗರು, ಬಂಗಾರಪೇಟೆ

ಉತ್ತರ: ಬಿಡೋದು ಬೇಡ ತಾಯಿ. ಮೊದಲು ಮಗಳ ವಿಷಯ. ಬರೀ ಊಟದಿಂದಲೇ ಸರಿಹೋಗುತ್ತದೆ ಅಂತ ಕಾಯಬೇಡಿ. ಡಾಕ್ಟರು ಹೇಳಿದ ಕಬ್ಬಿಣಾಂಶದ ಸಿರಪ್ ತಪ್ಪಿಸದೆ ಹಾಕಿ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. 2019–21ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಕ್ಕಳಿಗೆ ರಕ್ತ ಕಡಿಮೆ ಇತ್ತು.

ಈಗ ಅಂಗಡಿ. ಬೇಳೆ, ಎಣ್ಣೆ, ಸೋಪು ಅಲ್ಲಿ ನಿಜಕ್ಕೂ ಅಗ್ಗವಾಗಿ ಸಿಗಬಹುದು. ಉಳಿದ ದುಡ್ಡು ಎಲ್ಲಿ ಹೋಯಿತು ಅನ್ನೋದೇ ಪ್ರಶ್ನೆ. ಹಳೆ ಬಿಲ್ಲು ಎರಡು ಮೂರು ಇಟ್ಟುಕೊಂಡು ಪೆನ್ನು ಹಿಡಿದು ಕೂತುಕೊಳ್ಳಿ. ಬಿಸ್ಕತ್ತು, ಚಿಪ್ಸ್, ನೂಡಲ್ಸ್, ಬಾಟಲಿ ಜ್ಯೂಸ್ ಇವನ್ನೆಲ್ಲ ಬೇರೆಯಾಗಿ ಕೂಡಿಸಿ ನೋಡಿ. ನಮ್ಮ ಮನೆಯ ಬಿಲ್ಲು ಹೀಗೆ ಕೂಡಿಸಿದಾಗ, ಬೇಳೆಯಲ್ಲಿ ಉಳಿಸಿದ್ದೆಲ್ಲ ‘ಒಂದು ಕೊಂಡರೆ ಒಂದು ಉಚಿತ’ಕ್ಕೆ ಹೋಗಿತ್ತು.

ಎಂಆರ್‌ಪಿಗಿಂತ ಎಷ್ಟು ಕಡಿಮೆ ಅಂತ ನೋಡಬೇಡಿ, ಕೆಜಿಗೆ ಎಷ್ಟು ಬಿತ್ತು ಅಂತ ನೋಡಿ. 10 ರೂಪಾಯಿಯ ಪ್ಯಾಕೆಟ್‌ನಲ್ಲಿ 20 ಗ್ರಾಂ ಚಿಪ್ಸ್ ಇದ್ದರೆ ಕೆಜಿಗೆ 500 ರೂಪಾಯಿ ಆಯಿತು, ಆ ದುಡ್ಡಿಗೆ ಕಡಲೆಬೀಜ, ಹುರಿಗಡಲೆ ಎಷ್ಟು ಬರುತ್ತದೆ ಅಂತ ನಿಮಗೇ ಗೊತ್ತು. ಈಗ ಎಷ್ಟೋ ಪ್ಯಾಕೆಟ್‌ಗಳ ಮೇಲೆ ಎಂಆರ್‌ಪಿ ಪಕ್ಕದಲ್ಲೇ ಗ್ರಾಂಗೆ ಇಷ್ಟು ಪೈಸೆ ಅಂತ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಹಿಂದೆ ಏನೇನು ಹಾಕಿದ್ದಾರೆ ಅನ್ನೋ ಪಟ್ಟಿಯೂ ಇರುತ್ತದೆ. ಯಾವುದು ಜಾಸ್ತಿಯೋ ಅದನ್ನೇ ಮೊದಲು ಬರೆಯಬೇಕು ಅನ್ನೋದು ನಿಯಮ. ಮುಂದೆ ‘ರಾಗಿ’ ಅಂತ ದೊಡ್ಡದಾಗಿ ಬರೆದು, ಹಿಂದೆ ಮೊದಲ ಹೆಸರು ಮೈದಾ, ಆಮೇಲೆ ಸಕ್ಕರೆ ಅಂತ ಇದ್ದರೆ ಅದು ಮೈದಾ ಬಿಸ್ಕತ್ತೇ.

ಬಿಸ್ಕತ್ತಿನ ದುಡ್ಡನ್ನು ಮೊಟ್ಟೆಗೆ, ಕಾಳಿಗೆ ಹಾಕಿ. ತೊಗರಿಬೇಳೆ ಏರಿದ ತಿಂಗಳು ಹುರುಳಿ, ಅಲಸಂದೆ ತನ್ನಿ. 100 ಗ್ರಾಂ ಹುರುಳಿಯಲ್ಲಿ 20 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಕ್ಕಿಯಲ್ಲಿ 10ರ ಆಸುಪಾಸು ಅಷ್ಟೇ. ರೇಷನ್ ಅಕ್ಕಿ ಇದೆಯಲ್ಲ ಅಂತ ಮೂರು ಹೊತ್ತೂ ಅನ್ನವೇ ಆಗೋದು ಬೇಡ. ಸೊಪ್ಪನ್ನು ಮಾತ್ರ ಸಂತೆಯಲ್ಲೇ ತನ್ನಿ. ದಂಟು, ನುಗ್ಗೆ, ಬೆರಕೆ ಸೊಪ್ಪು ಯಾವುದಾದರೂ ಸರಿ, ಬಸ್ಸಾರು ಮಾಡಿ ಮಗುವಿನ ತಟ್ಟೆಗೆ ನಾಲ್ಕು ಹನಿ ನಿಂಬೆರಸ ಹಿಂಡಿ. ಸೊಪ್ಪು ಕಾಳಿನ ಕಬ್ಬಿಣಾಂಶ ಮೈಗೆ ಹತ್ತೋಕೆ ಹುಳಿ ಬೇಕು. ಊಟದ ಜೊತೆ ಟೀ ಕೊಡಬೇಡಿ, ಅದು ಕಬ್ಬಿಣಾಂಶವನ್ನು ತಡೆಯುತ್ತದೆ.

ವಾರದ ಬಟವಾಡೆಯಲ್ಲಿ ಎಲ್ಲವನ್ನೂ ಒಟ್ಟಿಗೆ ತರೋದು ಕಷ್ಟ, ನನಗೆ ಗೊತ್ತು. ಕೈಯಲ್ಲಿ ದುಡ್ಡಿಲ್ಲದವರೇ ಸಣ್ಣ ಪ್ಯಾಕೆಟ್ ಕೊಂಡು ಕೆಜಿಗೆ ಜಾಸ್ತಿ ಬೆಲೆ ಕೊಡುತ್ತಾರೆ. ಇದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅಕ್ಕಪಕ್ಕದ ಮೂರು ಮನೆ ಸೇರಿ ದೊಡ್ಡ ಚೀಲ ತಂದು ಹಂಚಿಕೊಳ್ಳಿ. ಒಬ್ಬೊಬ್ಬರೇ ಸರದಿಯಲ್ಲಿ ಹೋದರೆ ಸಾಕು. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ ಹೆಂಗಸರಿಗೆ ಉಚಿತ ಅಲ್ವಾ, ಆದರೆ ಇಡೀ ಸಂಸಾರ ಹೊರಟರೆ ಯಜಮಾನರ ಟಿಕೆಟ್ಟು, ಮಕ್ಕಳ ಹಟ ಎಲ್ಲ ಸೇರಿ ಉಳಿತಾಯ ದಾರಿಯಲ್ಲೇ ಮುಗಿಯುತ್ತದೆ.

ನಿಮ್ಮ ಬೀದಿಯ ಅಂಗಡಿಯವರನ್ನೂ ಪೂರ್ತಿ ಬಿಡಬೇಡಿ. ಕೆಲಸವಿಲ್ಲದ ವಾರ ಬರೆದುಕೊಂಡು ಅಕ್ಕಿ ಬೇಳೆ ಕೊಡೋರು ಅವರೇ.

ಪ್ರಶ್ನೆ: ರೇಷನ್ ಅಕ್ಕಿ ತೊಳೆಯುವಾಗ ಕೆಲವು ಕಾಳು ತೇಲುತ್ತವೆ. ಪ್ಲಾಸ್ಟಿಕ್ ಅಂತ ನಮ್ಮತ್ತೆ ಆರಿಸಿ ಬಿಸಾಡುತ್ತಾರೆ. ನಿಜವೇ?
– ಓದುಗರು, ಮಾಲೂರು

ಉತ್ತರ: ಅದು ಪ್ಲಾಸ್ಟಿಕ್ ಅಲ್ಲಮ್ಮ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿ ಕಾಳಿನ ಆಕಾರಕ್ಕೆ ಒತ್ತಿ ಮಾಡಿದ್ದು. ಸುಮಾರು 100 ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಆರಿಸಿ ಬಿಸಾಡಿದರೆ ಔಷಧಿಯನ್ನೇ ಚೆಲ್ಲಿದ ಹಾಗೆ. ಅತ್ತೆಯವರ ಎದುರಿಗೇ ಆ ಕಾಳು ನಾಲ್ಕನ್ನು ಬೇಯಿಸಿ ತೋರಿಸಿ, ಅನ್ನದ ಹಾಗೇ ಮೆತ್ತಗಾಗುತ್ತವೆ.

ಪ್ರಶ್ನೆ: ಮೇಡಂ, ನಾನು ಚಿಕ್ಕದಾಗಿ ರಿಯಾಯಿತಿ ಅಂಗಡಿ ಇಟ್ಟಿದ್ದೇನೆ. ಬರೋರೆಲ್ಲ ಕೂಲಿಯವರು. ಸೊಪ್ಪು ತರಕಾರಿ ಇಟ್ಟರೆ ಬಾಡಿ ನಷ್ಟವಾಗುತ್ತದೆ. ಏನು ಮಾಡಲಿ?
– ಓದುಗರು, ಮುಳಬಾಗಿಲು

ಉತ್ತರ: ಕೇಳಿದ್ದಕ್ಕೇ ನಿಮಗೆ ನಮಸ್ಕಾರ. ಸೊಪ್ಪನ್ನು ನೀವೇ ಕೊಂಡು ಇಡಬೇಕಾಗಿಲ್ಲ. ಹಳ್ಳಿಯಿಂದ ಸೊಪ್ಪು ಹೊತ್ತು ತರುವ ಅಜ್ಜಿಯೊಬ್ಬರಿಗೆ ಬಾಗಿಲ ಪಕ್ಕ ನೆರಳಲ್ಲಿ ಜಾಗ ಕೊಡಿ, ಬಾಡಿಗೆ ಕೇಳಬೇಡಿ. ಸೊಪ್ಪಿಗೆ ಬಂದವರು ನಿಮ್ಮಲ್ಲಿ ಬೇಳೆ ಕೊಳ್ಳುತ್ತಾರೆ. ಕೂಲಿಯವರು ಬರೋದು ಸಂಜೆ ಆರರ ಮೇಲೆ, ಆ ಹೊತ್ತಿಗೆ ಸೊಪ್ಪು ಇರಬೇಕು.

ಟೊಮೆಟೊ, ಈರುಳ್ಳಿ, ಕುಂಬಳ, ಸೌತೆ ಇವನ್ನು ನೀವೇ ಇಡಬಹುದು. ಕೋಲಾರದ ಎಪಿಎಂಸಿ ನಿಮಗೆ ದೂರವೇನಲ್ಲ. ಬೆಲೆ ಬಿದ್ದ ದಿನ 15 ಕೆಜಿ ಬಾಕ್ಸ್ ಟೊಮೆಟೊವನ್ನು ರೈತರು ರಸ್ತೆಗೆ ಸುರಿಯೋದನ್ನು ನಾವೆಲ್ಲ ನೋಡಿದ್ದೇವೆ, ಅಂಥ ದಿನ ನಾಲ್ಕು ಬಾಕ್ಸ್ ತಂದು ಅದೇ ಬೆಲೆಗೆ ಸ್ವಲ್ಪ ಸೇರಿಸಿ ಮಾರಿದರೂ ಕೊಳ್ಳೋರಿಗೆ ಅಗ್ಗ, ರೈತರಿಗೂ ನಾಲ್ಕು ಕಾಸು.

ಇನ್ನೊಂದು ಮಾತು. ಗಲ್ಲಾಪೆಟ್ಟಿಗೆ ಹತ್ತಿರ, ಮಕ್ಕಳ ಕೈಗೆ ಎಟಕುವಲ್ಲಿ ಈಗ ಚಾಕೊಲೇಟು, ಚಿಪ್ಸ್ ನೇತಾಡುತ್ತಿರಬಹುದು. ಅವನ್ನು ಒಳಗಡೆ ಸರಿಸಿ. ಅಲ್ಲಿ ಕಡಲೆಬೀಜದ ಚಿಕ್ಕಿ, ಬಾಳೆಹಣ್ಣು, ಬಿಡಿ ಮೊಟ್ಟೆ ಇಡಿ. ಹುರುಳಿ, ಹೆಸರುಕಾಳನ್ನು ಕಾಲು ಕೆಜಿ ಪೊಟ್ಟಣ ಕಟ್ಟಿ, ಕೆಜಿ ದರದಲ್ಲೇ ಕೊಡಿ. ಒಂದು ತಿಂಗಳು ಮಾಡಿ ನೋಡಿ, ಏನು ಖಾಲಿಯಾಯಿತು, ಏನು ಉಳಿಯಿತು ಅಂತ ನನಗೆ ಬರೆಯಿರಿ. ಮುಂದಿನ ಸಂಚಿಕೆಯೊಂದರಲ್ಲಿ ಹಾಕೋಣ.